ಮಕ್ಕಳ ಮಾತಿಗೆ ಶಾಲೆಯ ಉತ್ತರ: ವಿದ್ಯಾರ್ಥಿಗಳ ದನಿಯಿಂದ ಶಾಲೆಯನ್ನು ಸುಧಾರಿಸುವ ಬಗೆ

ಜೂನ್ ತಿಂಗಳು ಕಳೆಯುವಷ್ಟರಲ್ಲಿ ಕರ್ನಾಟಕದ ಬಹಳಷ್ಟು ಸರ್ಕಾರಿ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಮುಗಿದಿರುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಈಚೀಚೆಗೆ ಮೊಬೈಲ್‌ನಲ್ಲಿ ಮತಯಂತ್ರದ ಆ್ಯಪ್ ಹಾಕಿ ಗುಂಡಿ ಒತ್ತಿಸುವ ಸಂಭ್ರಮ, ಕೊನೆಗೆ ಪ್ರಮಾಣವಚನ, ಹೀಗೆ ಎಲ್ಲವೂ ಚೆನ್ನಾಗಿಯೇ ನಡೆಯುತ್ತವೆ. ಆಗಸ್ಟ್ ಬರುವ ಹೊತ್ತಿಗೆ ಆರೋಗ್ಯ ಮಂತ್ರಿಯ ಕೆಲಸ ಉಗುರು ನೋಡುವುದಕ್ಕೂ, ಶಿಸ್ತಿನ ಮಂತ್ರಿಯ ಕೆಲಸ ಗಲಾಟೆ ಮಾಡಿದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುವುದಕ್ಕೂ ಇಳಿದಿರುತ್ತದೆ. ಮಕ್ಕಳ ಪರವಾಗಿ ಮಾತನಾಡಲೆಂದು ಆರಿಸಿದವರು ಶಿಕ್ಷಕರ ಪರವಾಗಿ ಕಾವಲು ಕಾಯುವವರಾಗಿಬಿಡುತ್ತಾರೆ. ಈ ಲೇಖನ ಚುನಾವಣೆಯನ್ನು ಹೇಗೆ ನಡೆಸಬೇಕೆಂಬುದರ ಬಗ್ಗೆ ಅಲ್ಲ. ಮಕ್ಕಳು ಹೇಳಿದ ಮಾತೊಂದು ತರಗತಿಯಿಂದ ಹೊರಟು, ಸಭೆ ದಾಟಿ, ಉತ್ತರವಾಗಿ ಮತ್ತೆ ಅದೇ ತರಗತಿಗೆ ಮರಳುವಂತೆ ಮಾಡುವುದು ಹೇಗೆಂಬುದರ ಬಗ್ಗೆ. ಮುಖ್ಯ ಶಿಕ್ಷಕರು, ಸಹ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಇದು ಶಿಕ್ಷಕರ ಔದಾರ್ಯದ ಮಾತಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಪ್ರಕಾರ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವುದು ಮಗುವಿನ ಹಕ್ಕು. ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡುವುದು ಹಿರಿಯರ ಹೊಣೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು, ಮಗುವನ್ನು ಭಯ, ಆಘಾತ, ಆತಂಕಗಳಿಂದ ಬಿಡಿಸಿ ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂದು ಪಠ್ಯಕ್ರಮದ ಗುರಿಗಳಲ್ಲಿ ಒಂದಾಗಿ ಸೇರಿಸಿದೆ. ಅದೇ ಕಾಯ್ದೆಯ 21 ಮತ್ತು 22ನೇ ಸೆಕ್ಷನ್‌ಗಳು ಶಾಲಾ ಸಮಿತಿಗೂ ಶಾಲಾ ಅಭಿವೃದ್ಧಿ ಯೋಜನೆಗೂ ಸಂಬಂಧಿಸಿದವು. ಅವುಗಳ ಉಪಯೋಗವನ್ನು ಮುಂದೆ ನೋಡೋಣ.

ಮೊದಲ ಹೆಜ್ಜೆ: ಕೇಳುವ ಮೊದಲು ಶಿಕ್ಷಕರ ಕೊಠಡಿಯಲ್ಲಿ ಕುಳಿತು ಮಾತಾಡಿಕೊಳ್ಳಿ

ಮಕ್ಕಳನ್ನು ಕೇಳುವ ಮುನ್ನ ಶಿಕ್ಷಕರೆಲ್ಲ ಒಂದು ಸಂಜೆ ಕುಳಿತು, ಯಾವುದನ್ನು ತಾವು ಬದಲಿಸಬಲ್ಲೆವು, ಯಾವುದನ್ನು ಬದಲಿಸಲಾರೆವು ಎಂಬುದನ್ನು ಮನಸ್ಸು ಬಿಚ್ಚಿ ಮಾತಾಡಿಕೊಳ್ಳಬೇಕು. ಇದನ್ನು ಬಿಟ್ಟು ನೇರವಾಗಿ ತರಗತಿಗೆ ಹೋದರೆ, ಮಕ್ಕಳು ಈಜುಕೊಳ ಕೇಳುತ್ತಾರೆ, ನಾವು ನಗುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. ವಿಷಯಗಳನ್ನು ಮೂರು ಗುಂಪು ಮಾಡಿಕೊಳ್ಳುವುದು ಅನುಕೂಲ. ವೇಳಾಪಟ್ಟಿ, ಗ್ರಂಥಾಲಯದ ಕಪಾಟಿನ ಬೀಗ, ಆಟದ ಸಾಮಾನು, ಊಟದ ಸಾಲು, ಮನೆಗೆಲಸದ ಪ್ರಮಾಣ ಇವು ಶಾಲೆಯೊಳಗೇ ತೀರ್ಮಾನವಾಗಬಲ್ಲವು. ಚಿಕ್ಕಪುಟ್ಟ ದುರಸ್ತಿ, ಶಾಲಾ ಅನುದಾನದ ಖರ್ಚು, ದಾನಿಗಳನ್ನು ಹುಡುಕುವುದು ಎಸ್‌ಡಿಎಂಸಿಯ ಕೆಲಸ. ಕೊಠಡಿ, ಕಾಂಪೌಂಡು, ರಸ್ತೆ, ಕುಡಿಯುವ ನೀರಿನ ಸಂಪರ್ಕ, ಶಿಕ್ಷಕರ ಹುದ್ದೆ ಇವು ಗ್ರಾಮ ಪಂಚಾಯಿತಿಗೋ ಇಲಾಖೆಗೋ ಹೋಗಬೇಕಾದವು. ಈ ಮೂರು ದಾರಿಗಳನ್ನು ಮಕ್ಕಳಿಗೂ ತಿಳಿಸಿ. ಯಾವ ಮಾತು ಯಾರ ಬಾಗಿಲಿಗೆ ಹೋಗುತ್ತದೆ ಎಂದು ಗೊತ್ತಿದ್ದರೆ, ತಡವಾದಾಗ ಯಾರನ್ನು ಕೇಳಬೇಕೆಂಬುದೂ ಅವರಿಗೆ ಗೊತ್ತಿರುತ್ತದೆ.

ಅದೇ ಸಭೆಯಲ್ಲಿ ಎದುರಾಗುವ ಇನ್ನೊಂದು ಮಾತನ್ನು ಮುಚ್ಚಿಡುವುದು ಬೇಡ. 'ಮಕ್ಕಳನ್ನು ಕೇಳಿದರೆ ನಮ್ಮ ಮೇಲೆಯೇ ದೂರು ಹೇಳುತ್ತಾರೆ' ಎಂಬ ಅಳುಕು ಬಹಳ ಶಿಕ್ಷಕರಲ್ಲಿದೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಹೇಳುತ್ತಾರೆ. 'ಗಣಿತದ ಸರ್ ಹಲಗೆ ಮೇಲೆ ಬರೆದದ್ದನ್ನು ನಾವು ಬರೆದುಕೊಳ್ಳುವ ಮೊದಲೇ ಅಳಿಸುತ್ತಾರೆ' ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಅದನ್ನು ದೂರು ಎನ್ನದೆ ಪಾಠದ ಬಗ್ಗೆ ಬಂದ ಮಾಹಿತಿ ಎಂದು ತೆಗೆದುಕೊಳ್ಳುವ ಒಪ್ಪಂದ ಶಿಕ್ಷಕರೊಳಗೆ ಮೊದಲೇ ಆಗಿರಬೇಕು. ಹೇಳಿದ ಮಗುವನ್ನು ಯಾರೂ ಕರೆದು ವಿಚಾರಿಸಬಾರದು, ಮನೆಯವರಿಗೆ ಫೋನ್ ಮಾಡಬಾರದು, ಅಂಕ ಕೊಡುವಾಗ ನೆನಪಿಟ್ಟುಕೊಳ್ಳಬಾರದು. ಈ ಮೂರಕ್ಕೆ ಒಪ್ಪಿಗೆ ಸಿಗದಿದ್ದರೆ ಮುಂದಿನ ಹೆಜ್ಜೆಗೆ ಹೋಗದಿರುವುದೇ ಮೇಲು. ಒಮ್ಮೆ ಬಾಯಿಬಿಟ್ಟು ಬೈಸಿಕೊಂಡ ಮಗು ಆ ಶಾಲೆಯಲ್ಲಿ ಮತ್ತೆ ಬಾಯಿ ಬಿಡುವುದಿಲ್ಲ.

ಎರಡನೆಯ ಹೆಜ್ಜೆ: ತರಗತಿ ಸಭೆ ಮತ್ತು ಕೇಳುವ ಪ್ರಶ್ನೆ

ಇಡೀ ಶಾಲೆಯನ್ನು ಒಟ್ಟಿಗೆ ಕೂರಿಸಿ ಅಭಿಪ್ರಾಯ ಕೇಳಿದರೆ ಏಳು ಎಂಟನೆಯ ತರಗತಿಯ ನಾಲ್ಕು ಚುರುಕು ಮಕ್ಕಳ ಅಭಿಪ್ರಾಯ ಸಿಗುತ್ತದೆ, ಅಷ್ಟೇ. ಆದ್ದರಿಂದ ಪ್ರತಿ ತರಗತಿಗೂ ಹದಿನೈದು ದಿನಕ್ಕೊಮ್ಮೆ ಒಂದು ಅವಧಿಯನ್ನು ವೇಳಾಪಟ್ಟಿಯಲ್ಲೇ ಗುರುತು ಮಾಡಿ ಇಡಿ. ಶನಿವಾರ ಬೆಳಗಿನ ಶಾಲೆ ಇದಕ್ಕೆ ಹೊಂದುತ್ತದೆ. ಸಭೆಯನ್ನು ಒಬ್ಬ ವಿದ್ಯಾರ್ಥಿ ನಡೆಸಲಿ, ಇನ್ನೊಬ್ಬರು ಬರೆದುಕೊಳ್ಳಲಿ, ತರಗತಿ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿರಲಿ. ಈ ಎರಡು ಕೆಲಸಗಳು ಸರದಿಯ ಮೇಲೆ ಎಲ್ಲರಿಗೂ ಬರಬೇಕು. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಪ್ರತಿ ಸಲವೂ ಒಬ್ಬಳೇ ಹುಡುಗಿಗೆ ಬರೆಯುವ ಕೆಲಸ ಬೀಳದಿರಲಿ.

'ನಿಮ್ಮ ಸಮಸ್ಯೆಗಳೇನು?' ಎಂದು ಕೇಳಬೇಡಿ. ಅದಕ್ಕೆ ಮಕ್ಕಳ ಹತ್ತಿರ ಸಿದ್ಧ ಉತ್ತರಗಳಿವೆ: ಕಾಂಪೌಂಡು ಇಲ್ಲ, ಕಂಪ್ಯೂಟರ್ ಇಲ್ಲ, ಆಟದ ಮೈದಾನ ಬೇಕು. ಇವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಇವು ದೊಡ್ಡವರ ಬಾಯಿಂದ ಕೇಳಿ ಕಲಿತ ಮಾತುಗಳು. ಮಗುವಿನ ದಿನಕ್ಕೆ ಅಂಟಿದ ಪ್ರಶ್ನೆ ಕೇಳಬೇಕು. ಶಾಲೆಯಲ್ಲಿ ನೀನು ಹೋಗಲು ಇಷ್ಟಪಡದ ಜಾಗ ಯಾವುದು? ಯಾವ ಅವಧಿಯಲ್ಲಿ ಹೊತ್ತು ಹೋಗುವುದೇ ಇಲ್ಲ? ಊಟದಲ್ಲಿ ಯಾವ ದಿನ ತಟ್ಟೆಯಲ್ಲಿ ಉಳಿಸುತ್ತೀಯ? ಬೆಳಿಗ್ಗೆ ತಡವಾಗಿ ಬಂದ ದಿನ ಏನಾಗಿತ್ತು? ಇಂಥ ನಾಲ್ಕು ಪ್ರಶ್ನೆಗಳಿದ್ದರೆ ಒಂದು ವರ್ಷಕ್ಕೆ ಸಾಕಾಗುವಷ್ಟು ಕೆಲಸ ಸಿಗುತ್ತದೆ.

ಇದರಲ್ಲಿ ನಕ್ಷೆ ಬರೆಸುವ ವಿಧಾನವೇ ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಶಾಲೆಯ ನಕ್ಷೆ ಬಿಡಿಸಿ, ಇಷ್ಟದ ಜಾಗಕ್ಕೆ ಹೂವು, ಬೇಡವಾದ ಜಾಗಕ್ಕೆ ಕಲ್ಲು ಇಡಲು ಹೇಳಬೇಕು. ಹಿಂದೆ ನಾನಿದ್ದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಯ ಹುಡುಗಿಯರು ಶೌಚಾಲಯದ ಮೇಲೆ ಕಲ್ಲುಗಳ ಗುಡ್ಡೆ ಹಾಕಿದರು. ಶೌಚಾಲಯ ಹೊಸದಾಗಿತ್ತು, ನೀರಿತ್ತು, ದಿನವೂ ತೊಳೆಯಲಾಗುತ್ತಿತ್ತು. ಇಲಾಖೆಯ ನಮೂನೆಗಳಲ್ಲಿ ನಾವು 'ಸುಸ್ಥಿತಿಯಲ್ಲಿದೆ' ಎಂದೇ ಬರೆಯುತ್ತಿದ್ದೆವು. ಕೇಳಿದಾಗ ಮೊದಲು ಯಾರೂ ಹೇಳಲಿಲ್ಲ. ಹುಡುಗರನ್ನು ಆಟಕ್ಕೆ ಕಳುಹಿಸಿ ಶಿಕ್ಷಕಿಯೊಬ್ಬರು ವಿಚಾರಿಸಿದ ಮೇಲೆ ಗೊತ್ತಾಯಿತು, ಬಾಗಿಲಿನ ಒಳಚಿಲಕ ಮುರಿದು ಒಂದು ವರ್ಷವಾಗಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಜೊತೆಗಾತಿ ಬಾರದ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡಬೇಕು. ಮಧ್ಯಾಹ್ನದ ಮೇಲೆ ತಲೆನೋವೆಂದು ಮಲಗುತ್ತಿದ್ದವರು ಯಾರೆಂಬುದು ಆಗ ನಮಗೆ ಹೊಳೆಯಿತು. ಚಿಲಕವನ್ನು ಮರುದಿನವೇ ಹಾಕಿಸಿದೆವು. ಅದರ ಬೆಲೆ ಆ ಸಂಜೆ ಶಿಕ್ಷಕರು ಕುಡಿದ ಚಹಾದ ಖರ್ಚಿಗಿಂತ ಬಹಳ ಹೆಚ್ಚೇನೂ ಇರಲಿಲ್ಲ. ದಿನವೂ ಆ ಬಾಗಿಲ ಮುಂದೆ ಓಡಾಡುತ್ತಿದ್ದ ನಮಗೆ ಅದು ಕಾಣದಿದ್ದುದಕ್ಕೆ ಕಾರಣ ಸರಳ: ಅದನ್ನು ಒಳಗಿನಿಂದ ಹಾಕಿಕೊಳ್ಳುವ ಅಗತ್ಯ ನಮಗ್ಯಾರಿಗೂ ಬಿದ್ದಿರಲಿಲ್ಲ.

ಮೂರನೆಯ ಹೆಜ್ಜೆ: ಮಾತಾಡದವರನ್ನು ಹುಡುಕಿ

ತರಗತಿ ಸಭೆ ಎರಡು ಮೂರು ಸಲ ನಡೆದ ಮೇಲೆ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ಇದುವರೆಗೆ ಒಂದು ಮಾತನ್ನೂ ಆಡದವರ ಹೆಸರಿಗೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಡಿ. ಆ ಪಟ್ಟಿ ನಿಮ್ಮ ಊರಿನ ಸಾಮಾಜಿಕ ನಕ್ಷೆಯಂತೆಯೇ ಕಾಣುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತುಳುವನ್ನೋ ಆಡುವ ಮಕ್ಕಳು, ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದವರ ಮಕ್ಕಳು, ಕೇರಿಯ ಮಕ್ಕಳು, ಅಂಗವೈಕಲ್ಯವಿರುವ ಮಕ್ಕಳು, ವಾರಕ್ಕೆರಡು ದಿನ ತಪ್ಪಿಸಿಕೊಳ್ಳುವವರು ಅದರಲ್ಲಿ ಇರುತ್ತಾರೆ. ಇವರನ್ನು ಎದ್ದು ನಿಲ್ಲಿಸಿ 'ನೀನೂ ಹೇಳು' ಎನ್ನುವುದರಿಂದ ಉಪಯೋಗವಿಲ್ಲ. ಮೂವರು ನಾಲ್ವರ ಗುಂಪು ಮಾಡಿ, ಅವರಿಗೆ ಬರುವ ಭಾಷೆಯಲ್ಲೇ ಮಾತಾಡಲು ಬಿಟ್ಟು, ಆ ಭಾಷೆ ಬಲ್ಲ ಹಿರಿಯ ವಿದ್ಯಾರ್ಥಿಯಿಂದ ಕನ್ನಡದಲ್ಲಿ ಬರೆಸಬಹುದು. ಒಂದರಿಂದ ಮೂರನೆಯ ತರಗತಿಯವರಿಗೆ ಚಿತ್ರವೇ ಸಾಕು. ಶಾಲೆಯಲ್ಲಿ ಭಯವಾಗುವ ಜಾಗವನ್ನು ಬರೆಯಿರಿ ಎಂದರೆ ನಾಯಿ, ಬಾವಿ, ಕತ್ತಲೆಯ ಕೊಠಡಿ, ಮೊನಚು ಮೂಲೆಯ ಬೆಂಚು ಎಲ್ಲವೂ ಕಾಗದದ ಮೇಲೆ ಬರುತ್ತವೆ. ಹುಡುಗಿಯರ ಸಭೆಯನ್ನು ತಿಂಗಳಿಗೊಮ್ಮೆ ಪ್ರತ್ಯೇಕವಾಗಿ, ಶಿಕ್ಷಕಿಯ ಎದುರು ನಡೆಸುವುದು ಕಡ್ಡಾಯವೆಂದೇ ತಿಳಿಯಿರಿ. ಶಾಲೆಯಲ್ಲಿ ಶಿಕ್ಷಕಿ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಎಸ್‌ಡಿಎಂಸಿಯ ಮಹಿಳಾ ಸದಸ್ಯೆಯನ್ನೋ ಕರೆಯಬಹುದು. ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದನ್ನು ಮಾತ್ರ ಮಕ್ಕಳು ತಾವಾಗಿ ಹೇಳುವುದು ಅಪರೂಪ. ಅದನ್ನು ಕಣ್ಣಿಂದಲೇ ನೋಡಬೇಕು.

ನಾಲ್ಕನೆಯ ಹೆಜ್ಜೆ: ಪೆಟ್ಟಿಗೆ

ಸಲಹಾ ಪೆಟ್ಟಿಗೆ ಇಲ್ಲದ ಶಾಲೆ ಈಗ ಕಡಿಮೆ. ಅದರಲ್ಲಿ ಚೀಟಿ ಇರುವ ಶಾಲೆ ಇನ್ನೂ ಕಡಿಮೆ. ಬಹಳ ಕಡೆ ಪೆಟ್ಟಿಗೆ ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಿಗೇ ತೂಗುತ್ತಿರುತ್ತದೆ, ಬೀಗದ ಕೈ ಅವರ ಮೇಜಿನ ಡ್ರಾಯರಿನಲ್ಲಿರುತ್ತದೆ, ತೆರೆಯುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಪೆಟ್ಟಿಗೆಗೆ ಚೀಟಿ ಹಾಕುವಷ್ಟು ಧೈರ್ಯವಿರುವ ಮಗು ನೇರವಾಗಿಯೇ ಬಂದು ಹೇಳುತ್ತದೆ. ಪೆಟ್ಟಿಗೆಯನ್ನು ಎಲ್ಲ ಮಕ್ಕಳೂ ಹಾದುಹೋಗುವ, ಆದರೆ ಯಾವ ಕೊಠಡಿಯ ಕಿಟಕಿಯಿಂದಲೂ ಕಾಣದ ಜಾಗದಲ್ಲಿ, ಒಂದನೆಯ ತರಗತಿಯ ಮಗುವಿನ ಕೈಗೆಟಕುವ ಎತ್ತರದಲ್ಲಿ ಇಡಿ. ತೆರೆಯುವ ದಿನ ನಿಗದಿಯಾಗಿರಲಿ. ತೆರೆಯುವವರು ಇಬ್ಬರಿರಲಿ, ಒಬ್ಬರು ಮಕ್ಕಳು ನಂಬುವ ಶಿಕ್ಷಕಿ, ಇನ್ನೊಬ್ಬರು ಎಸ್‌ಡಿಎಂಸಿಯ ಪೋಷಕ ಸದಸ್ಯೆ. ಕೈಬರಹದಿಂದ ಗುರುತು ಹಿಡಿಯುತ್ತಾರೆಂಬ ಹೆದರಿಕೆ ಹೋಗಲಾಡಿಸಲು ಪಕ್ಕದಲ್ಲೇ ಮುದ್ರಿತ ಚೀಟಿಗಳನ್ನಿಟ್ಟು, ಶೌಚಾಲಯ, ಊಟ, ನೀರು, ಪಾಠ, ಜಗಳ, ಗುಟ್ಟಾಗಿ ಮಾತಾಡಬೇಕು ಎಂಬ ಚಿತ್ರಗಳಲ್ಲಿ ಒಂದಕ್ಕೆ ಗುರುತು ಹಾಕುವಂತೆ ಮಾಡಬಹುದು.

ಆ ಕೊನೆಯ ಚಿತ್ರಕ್ಕೆ ಗುರುತು ಬಿದ್ದಾಗ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಮಗುವಿನ ಮೇಲೆ ಲೈಂಗಿಕ ಕಿರುಕುಳವಾಗಿದೆ ಅಥವಾ ಆಗಬಹುದು ಎಂಬ ಸುಳಿವು ಸಿಕ್ಕರೆ ಅದು ಸಭೆಯ ವಿಷಯವೂ ಅಲ್ಲ, ಶಾಲೆಯೊಳಗೆ ರಾಜಿ ಮಾಡಿ ಮುಗಿಸುವ ವಿಷಯವೂ ಅಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರದಲ್ಲಿ ಬರೆಸಿ. ಹೊಡೆತ, ಬೈಗುಳಗಳ ಚೀಟಿ ಬಂದರೂ ಅಷ್ಟೇ ಗಂಭೀರವಾಗಿ ನೋಡಬೇಕು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಐದನೆಯ ಹೆಜ್ಜೆ: ಹೇಳಿದ್ದನ್ನು ಅಳೆಯುವುದು

'ನೀರಿಗೆ ತೊಂದರೆ ಇದೆ' ಎಂಬ ಮಾತಿಗೆ ಯಾವ ಅಧಿಕಾರಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ. 'ಊಟದ ಬಿಡುವಿನಲ್ಲಿ ಎರಡೇ ನಲ್ಲಿಗಳಿಗೆ ಸಾಲು ನಿಲ್ಲಬೇಕು, ಐದು ದಿನ ಎಣಿಸಿ ನೋಡಿದೆವು, ಕೊನೆಯ ಮಗುವಿಗೆ ನೀರು ಸಿಗುವಾಗ ಗಂಟೆ ಹೊಡೆದಿರುತ್ತದೆ' ಎಂದರೆ ಕುರ್ಚಿಯಲ್ಲಿ ಕುಳಿತವರು ಸ್ವಲ್ಪ ಮುಂದೆ ಬಾಗುತ್ತಾರೆ. ಅಳೆಯುವ, ಎಣಿಸುವ, ಪಟ್ಟಿ ಮಾಡುವ ಕೆಲಸವನ್ನು ಮಕ್ಕಳೇ ಮಾಡಬೇಕು. ಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವೂ ಸಿಗಲಾರದು. ಶಾಲಾ ಚೀಲದ ತೂಕವನ್ನೇ ತೆಗೆದುಕೊಳ್ಳಿ. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಒಂದು ಎರಡನೆಯ ತರಗತಿಯವರ ಚೀಲ 2 ಕಿಲೋ, ಮೂರರಿಂದ ಐದನೆಯ ತರಗತಿಯವರದು 3 ಕಿಲೋ, ಆರರಿಂದ ಎಂಟರವರದು 4 ಕಿಲೋ, ಒಂಬತ್ತು ಹತ್ತರವರದು 5 ಕಿಲೋ ದಾಟಬಾರದು. ಊರಿನ ದಿನಸಿ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ತಕ್ಕಡಿ ತಂದು ಮಕ್ಕಳಿಂದಲೇ ತೂಗಿಸಿ, ತರಗತಿವಾರು ಬರೆದು ಗೋಡೆಗೆ ಅಂಟಿಸಿದರೆ, ಯಾವ ದಿನ ಯಾವ ವಿಷಯದ ಮೂರು ಮೂರು ಪುಸ್ತಕ ತರಿಸುತ್ತಿದ್ದೇವೆ ಎಂಬುದು ಶಿಕ್ಷಕರಿಗೇ ಗೊತ್ತಾಗುತ್ತದೆ. ಖಾಸಗಿ ಶಾಲೆಗಳಲ್ಲಿ ಮಕ್ಕಳ ದನಿಯ ಕೆಲಸ ಆರಂಭಿಸಲು ಇದಕ್ಕಿಂತ ಸುಲಭದ, ವಿವಾದವಿಲ್ಲದ ವಿಷಯ ನನಗೆ ಕಂಡಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೂ ಒಂದು ಅಳತೆಗೋಲು. ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಗ್ರಂಥಾಲಯ, ಆವರಣ ಗೋಡೆ ಅಥವಾ ಬೇಲಿ, ಅಡೆತಡೆಯಿಲ್ಲದೆ ಒಳಗೆ ಬರುವ ದಾರಿ, ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ಮತ್ತು ಆರರಿಂದ ಎಂಟನೆಯ ತರಗತಿಗೆ 220 ಕೆಲಸದ ದಿನಗಳು ಎಂದು ಅದರಲ್ಲಿದೆ. ಇದನ್ನು ಸರಳ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಏಳನೆಯ ತರಗತಿಯವರ ಕೈಗೆ ಕೊಟ್ಟು, ಶಾಲೆ ಸುತ್ತಿ ಗುರುತು ಹಾಕಿ ಬರಲು ಹೇಳಿ. ಇಳಿಜಾರು ದಾರಿ ಇದೆಯೇ ಎಂದು ನೋಡಿದರೆ ಸಾಲದು, ಗಾಲಿಕುರ್ಚಿಯನ್ನೋ ಅದಿಲ್ಲದಿದ್ದರೆ ಸೈಕಲನ್ನೋ ತಳ್ಳಿಕೊಂಡು ಹತ್ತಿ ನೋಡಬೇಕು.

ಪಟ್ಟಿ ಉದ್ದವಾದಾಗ ಆದ್ಯತೆ ಗೊತ್ತುಮಾಡಲು ಕೈ ಎತ್ತಿಸಬೇಡಿ. ಪಕ್ಕದವರ ಕೈ ನೋಡಿ ಕೈ ಏಳುತ್ತದೆ. ಪ್ರತಿ ವಿಷಯಕ್ಕೊಂದು ಮಡಕೆಯನ್ನೋ ಡಬ್ಬಿಯನ್ನೋ ಇಟ್ಟು, ಪ್ರತಿ ಮಗುವಿಗೂ ಮೂರು ಹುಣಸೆ ಬೀಜ ಕೊಟ್ಟು, ಮೂರನ್ನೂ ಒಂದೇ ಕಡೆ ಹಾಕಬಹುದು ಇಲ್ಲವೇ ಹಂಚಬಹುದು ಎಂದು ಹೇಳಿ, ಒಬ್ಬೊಬ್ಬರನ್ನೇ ಒಳಗೆ ಬಿಡಿ. ಹುಡುಗಿಯರ ಬೀಜ ಮತ್ತು ಹುಡುಗರ ಬೀಜಕ್ಕೆ ಬೇರೆ ಬಣ್ಣ ಹಚ್ಚಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮೈದಾನದ ಡಬ್ಬಿ ತುಂಬಿದ ಶಾಲೆಯಲ್ಲೂ ಒಂದು ಬಣ್ಣದ ಬೀಜಗಳೆಲ್ಲ ಶೌಚಾಲಯದ ಡಬ್ಬಿಯಲ್ಲಿರಬಹುದು.

ಆರನೆಯ ಹೆಜ್ಜೆ: ಸಂಸತ್ತಿಗೆ ಕೆಲಸ ಕೊಡುವುದು

ಚುನಾವಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ನಮ್ಮ ಶಾಲೆಗಳಿಗೆ ಕರಗತವಾಗಿದೆ. ಎರಡು ಬದಲಾವಣೆ ಸಾಕು. ಗಲಾಟೆ ಮಾಡಿದವರ ಹೆಸರು ಬರೆಯುವ, ಸಾಲು ನಿಲ್ಲಿಸುವ ಕೆಲಸಗಳನ್ನು ಮಂತ್ರಿಗಳಿಂದ ತೆಗೆದುಬಿಡಿ. ಪ್ರತಿ ಮಂತ್ರಿಯೂ ತನ್ನ ಖಾತೆಗೆ ಸೇರಿದ ಮಾತುಗಳನ್ನು ತರಗತಿ ಸಭೆಗಳ ಪುಸ್ತಕದಿಂದ ಎತ್ತಿಕೊಂಡು ತಿಂಗಳ ಸಂಪುಟ ಸಭೆಗೆ ತರಲಿ: ಆಹಾರ ಮಂತ್ರಿ ಊಟದ್ದನ್ನು, ಆರೋಗ್ಯ ಮಂತ್ರಿ ನೀರು ಶೌಚಾಲಯದ್ದನ್ನು, ಗ್ರಂಥಾಲಯ ಮಂತ್ರಿ ಪುಸ್ತಕದ್ದನ್ನು. ಆಹಾರ ಮಂತ್ರಿಯು ಅಡುಗೆಯವರನ್ನು ತಪಾಸಣೆ ಮಾಡುವ ಅಧಿಕಾರಿಯಂತೆ ವರ್ತಿಸದಂತೆ ಮಾತ್ರ ಎಚ್ಚರವಿರಲಿ. 'ಅಕ್ಕಾ, ಗುರುವಾರದ ಸಾರು ಖಾರವಾಗಿ ಒಂದನೇ ಕ್ಲಾಸಿನವರು ಬರೀ ಅನ್ನ ತಿಂತಿದ್ದಾರೆ, ಅವರಿಗೆ ಖಾರ ಹಾಕೋ ಮುಂಚೆ ಸ್ವಲ್ಪ ತೆಗೆದಿಡ್ತೀರಾ?' ಎಂದು ಹೇಳುವುದನ್ನು ಕಲಿಸಿದರೆ ಅಡುಗೆಮನೆಯಲ್ಲೂ ಬದಲಾವಣೆ ಆಗುತ್ತದೆ, ಸಂಬಂಧವೂ ಕೆಡುವುದಿಲ್ಲ.

ಏಳನೆಯ ಹೆಜ್ಜೆ: ಎಸ್‌ಡಿಎಂಸಿಯ ಮುಂದೆ

ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನಿನ ನಿಯಮ. ಮಕ್ಕಳೂ ಸಮಿತಿಯಲ್ಲಿ ಇರಬಹುದೆಂಬ ಕಲ್ಪನೆ ಹೊಸದಲ್ಲ. ಈ ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳಲ್ಲಿ, ಪೋಷಕರಲ್ಲದ ಸದಸ್ಯರ ಮೂರನೇ ಒಂದು ಭಾಗ ಸ್ಥಳೀಯ ಶಿಕ್ಷಣ ತಜ್ಞರಿಂದ ಅಥವಾ ಶಾಲೆಯ ಮಕ್ಕಳಿಂದ ಬರಬಹುದೆಂದಿದೆ. ನಮ್ಮಲ್ಲಿ ರಾಜ್ಯದ್ದೇ ಆದ 2012ರ ನಿಯಮಗಳಿವೆ. ಸದಸ್ಯತ್ವದ ಚರ್ಚೆಗೆ ಹೋಗದೆಯೂ ಮಾಡಬಹುದಾದದ್ದು ಇಷ್ಟು: ಪ್ರತಿ ಎಸ್‌ಡಿಎಂಸಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ 'ಮಕ್ಕಳ ಮಾತು' ಎಂದು ಸೇರಿಸಿ, ಇಬ್ಬರು ವಿದ್ಯಾರ್ಥಿಗಳಿಗೆ ಹದಿನೈದು ನಿಮಿಷ ಕೊಡುವುದು. ಮೊದಲ ವಿಷಯ ಎಂದು ಒತ್ತಿ ಹೇಳುತ್ತಿದ್ದೇನೆ. ಕೊನೆಯ ವಿಷಯವಾಗಿಟ್ಟರೆ ಆ ಹೊತ್ತಿಗೆ ಅರ್ಧ ಸದಸ್ಯರು ಹೊಲಕ್ಕೆ ಹೊರಟಿರುತ್ತಾರೆ. ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರಲಿ. ಅವರು ಹೇಳಿದ್ದು, ಸಮಿತಿ ತೀರ್ಮಾನಿಸಿದ್ದು ಎರಡೂ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.

ಇಲ್ಲಿ ಕಾಲದ ಲೆಕ್ಕ ಮುಖ್ಯ. ಶಾಲಾ ಅಭಿವೃದ್ಧಿ ಯೋಜನೆಯನ್ನು ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳ ಮೊದಲೇ ಸಿದ್ಧಪಡಿಸಬೇಕೆಂದು ಮೇಲೆ ಹೇಳಿದ ಕೇಂದ್ರದ ನಿಯಮಗಳಲ್ಲಿದೆ. ಅಂದರೆ ಡಿಸೆಂಬರ್ ಮುಗಿಯುವುದರೊಳಗೆ ಮಕ್ಕಳ ಪಟ್ಟಿ ಯೋಜನೆಯೊಳಗೆ ಸೇರಿರಬೇಕು. ಜುಲೈ, ಆಗಸ್ಟ್‌ನಲ್ಲಿ ತರಗತಿ ಸಭೆ, ಸೆಪ್ಟೆಂಬರ್‌ನಲ್ಲಿ ಅಳತೆ, ದಸರಾ ರಜೆ ಮುಗಿದ ಮೇಲೆ ಬೀಜದ ಮತದಾನ, ನವೆಂಬರ್‌ನಲ್ಲಿ ಎಸ್‌ಡಿಎಂಸಿ ಎಂದು ಇಟ್ಟುಕೊಂಡರೆ ಹೊಂದಿಕೆಯಾಗುತ್ತದೆ. ಜನವರಿಯಲ್ಲಿ ತಂದ ಎಷ್ಟು ಒಳ್ಳೆಯ ಬೇಡಿಕೆಯೂ ಒಂದು ವರ್ಷ ಕಾಯುತ್ತದೆ.

ಎಂಟನೆಯ ಹೆಜ್ಜೆ: ಮಕ್ಕಳ ಗ್ರಾಮ ಸಭೆ

ಶಾಲೆಯ ಗೇಟು ದಾಟಿದ ವಿಷಯಗಳಿಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ವೇದಿಕೆಯೊಂದಿದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಹಳ್ಳಿಗಳಲ್ಲಿ 1990ರ ದಶಕದಲ್ಲಿಯೇ ಮಕ್ಕಳ ಪಂಚಾಯಿತಿಗಳು ಕೆಲಸ ಮಾಡಿದ್ದವು. ನಂತರದ ವರ್ಷಗಳಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸೂಚನೆಯಂತೆ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸುವುದು ರೂಢಿಗೆ ಬಂತು. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ ಇವು ನಡೆಯುತ್ತವೆ. ಕೆಲವೆಡೆ ಇದು ಹಾರ ತುರಾಯಿ, ಸ್ವಾಗತ ಗೀತೆ, ಅಧ್ಯಕ್ಷರ ಭಾಷಣ, ಸಿಹಿ ಹಂಚಿಕೆಯಲ್ಲಿ ಮುಗಿದುಹೋಗುತ್ತದೆ. ಮಕ್ಕಳಿಗೆ ಮೈಕು ಸಿಗುವಾಗ ಊಟದ ಹೊತ್ತಾಗಿರುತ್ತದೆ. ದಿನಾಂಕ ಗೊತ್ತಾದ ಕೂಡಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಭೇಟಿ ಮಾಡಿ, ಕಳೆದ ಸಭೆಯ ಅನುಪಾಲನಾ ವರದಿಯನ್ನು, ಅಂದರೆ ಆಗ ಕೇಳಿದ್ದರಲ್ಲಿ ಏನೇನು ಆಯಿತೆಂಬ ವರದಿಯನ್ನು, ಮೊದಲು ಓದಬೇಕು, ಅದಾದ ಮೇಲೆ ಮಕ್ಕಳು, ಕೊನೆಯಲ್ಲಿ ದೊಡ್ಡವರು ಎಂದು ಕ್ರಮ ಗೊತ್ತುಮಾಡಿಕೊಂಡು ಬನ್ನಿ.

ಮನವಿ ಬರೆಸುವಾಗ ಒಂದು ಮನವಿಗೆ ಒಂದೇ ವಿಷಯವಿರಲಿ. ನಮ್ಮ ಮಕ್ಕಳು ಮೊದಲ ವರ್ಷ ಬರೆದದ್ದು ಹೀಗಿತ್ತು: 'ನಮ್ಮ ಶಾಲೆಗೆ ಬರುವ ರಸ್ತೆ ಸರಿಯಿಲ್ಲ, ದಯವಿಟ್ಟು ಸರಿಪಡಿಸಿಕೊಡಬೇಕಾಗಿ ವಿನಂತಿ.' ಏನೂ ಆಗಲಿಲ್ಲ. ಮರುವರ್ಷ ಅವರೇ ದಾರಿಯನ್ನು ನಡೆದು ನೋಡಿ, 'ಶಾಲೆಯಿಂದ ಕೆರೆ ಏರಿಯ ಕಡೆಗೆ 140 ಹೆಜ್ಜೆ ದೂರದಲ್ಲಿ ಚರಂಡಿಯ ಮೇಲಿನ ಎರಡು ಕಲ್ಲುಚಪ್ಪಡಿ ಕುಸಿದಿವೆ. ಮಳೆ ಬಂದಾಗ ಆಚೆ ಕೇರಿಯ ಇಪ್ಪತ್ತಾರು ಮಕ್ಕಳು ಮುಖ್ಯರಸ್ತೆಯನ್ನು ಬಳಸಿ ಬರುತ್ತಾರೆ. ಚಪ್ಪಡಿ ಹಾಕಿಸುವ ದಿನಾಂಕವನ್ನು ತಿಳಿಸಬೇಕು' ಎಂದು ಬರೆದರು. ಮಳೆಗಾಲಕ್ಕೆ ಮೊದಲು ಚಪ್ಪಡಿ ಬಿತ್ತು. ಜಾಗ, ತೊಂದರೆಗೆ ಒಳಗಾದವರು, ಬೇಕಾದ ಕೆಲಸ, ಕೇಳುವ ದಿನಾಂಕ ಈ ನಾಲ್ಕೂ ಮನವಿಯಲ್ಲಿದ್ದರೆ ಸಾಕು. ಪಂಚಾಯಿತಿಯ ವ್ಯಾಪ್ತಿಗೆ ಬಾರದ್ದನ್ನು ಅಲ್ಲಿ ಕೇಳಿ ನಿರಾಶರಾಗುವುದು ಬೇಡ. ಬೆಳಗಿನ ಬಸ್ಸು ತಡವಾದರೆ ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಗೆ, ಶಿಕ್ಷಕರ ಕೊರತೆಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಸಬೇಕು. ಮನವಿ ಕೊಟ್ಟಲ್ಲೆಲ್ಲ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಂಡು ಬರುವುದನ್ನು ಮಕ್ಕಳಿಗೆ ಕಲಿಸಿ. ದೊಡ್ಡವರಲ್ಲೂ ಎಷ್ಟೋ ಜನ ಇದನ್ನು ಕಲಿತಿಲ್ಲ.

ಒಂಬತ್ತನೆಯ ಹೆಜ್ಜೆ: ಉತ್ತರದ ಪುಸ್ತಕ

ಇದುವರೆಗೆ ಹೇಳಿದ್ದೆಲ್ಲ ಈ ಒಂದು ಪುಸ್ತಕದ ಮೇಲೆ ನಿಂತಿದೆ. ಉದ್ದನೆಯ ಒಂದು ರಿಜಿಸ್ಟರ್ ತಂದು ಆರು ಕಾಲಂ ಹಾಕಿಸಿ: ಮಾತು ಬಂದ ದಿನ, ಯಾವ ತರಗತಿಯಿಂದ, ವಿಷಯ, ಯಾರ ಬಳಿಗೆ ಹೋಯಿತು, ಉತ್ತರ, ಉತ್ತರವನ್ನು ಮಕ್ಕಳಿಗೆ ಓದಿದ ದಿನ. ಮಗುವಿನ ಹೆಸರಿಗೆ ಕಾಲಂ ಬೇಡ. ಪುಸ್ತಕ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇರಬಾರದು, ಗ್ರಂಥಾಲಯದ ಮೇಜಿನ ಮೇಲೆ, ಯಾರು ಬೇಕಾದರೂ ತೆರೆದು ನೋಡುವಂತೆ ಇರಬೇಕು. ತಿಂಗಳ ಮೊದಲ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಂಸತ್ತಿನ ಪ್ರತಿನಿಧಿಯೊಬ್ಬರು ಆ ತಿಂಗಳ ಉತ್ತರಗಳನ್ನು ಓದಬೇಕು.

ಉತ್ತರ ಹೇಗಿರಬೇಕೆಂಬುದೇ ಕಷ್ಟದ ಭಾಗ. ಸರ್ಕಾರಿ ಕಡತಗಳ ಬಾಯಿಪಾಠವಾದ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯವನ್ನು ಈ ಪುಸ್ತಕದಲ್ಲಿ ಬರೆಯಕೂಡದೆಂದು ಮೊದಲ ಪುಟದಲ್ಲೇ ಬರೆದಿಡಿ. 'ಆಗಿದೆ', 'ಇಂಥ ದಿನ ಆಗುತ್ತದೆ', 'ಆಗುವುದಿಲ್ಲ, ಕಾರಣ ಇದು'. ಉತ್ತರ ಈ ಮೂರರಲ್ಲಿ ಒಂದಾಗಿರಬೇಕು. ಆಗುವುದಿಲ್ಲ ಎಂದು ಹೇಳಲು ಶಿಕ್ಷಕರು ಹಿಂಜರಿಯುತ್ತಾರೆ, ಮಕ್ಕಳಿಗೆ ಬೇಸರವಾದೀತೆಂದು. ನಾನು ಕಂಡಂತೆ ಬೇಸರವಾಗುವುದು ನಿರಾಕರಣೆಯಿಂದಲ್ಲ, ಮೌನದಿಂದ. ಒಮ್ಮೆ ಐದನೆಯ ತರಗತಿಯವರು ಆಟದ ಅವಧಿಯನ್ನು ದಿನದ ಕೊನೆಯಿಂದ ಬೆಳಗಿನ ಎರಡನೆಯ ಅವಧಿಗೆ ತರಬೇಕೆಂದು ಕೇಳಿದರು. ನಾವು 'ಸಾಧ್ಯವಿಲ್ಲ, ಆ ಹೊತ್ತಿನಲ್ಲಿ ಮೈದಾನಕ್ಕೆ ಹೊಂದಿಕೊಂಡ ಕೊಠಡಿಯಲ್ಲಿ ನಲಿ-ಕಲಿಯ ಚಿಕ್ಕ ತರಗತಿಗಳ ಮಕ್ಕಳ ಪಾಠವಿರುತ್ತದೆ, ಗದ್ದಲವಾಗುತ್ತದೆ' ಎಂದು ಬರೆದೆವು. ಮುಂದಿನ ಸಭೆಯಲ್ಲಿ ಅವರು ನಾಲ್ಕನೆಯ ಅವಧಿಯನ್ನು ಕೇಳಿದರು. ಆ ಹೊತ್ತಿಗೆ ಚಿಕ್ಕವರು ಊಟಕ್ಕೆ ಕೈತೊಳೆಯಲು ಎದ್ದಿರುತ್ತಾರೆಂದು ಗಡಿಯಾರ ನೋಡಿ ಬರೆದುಕೊಂಡು ಬಂದಿದ್ದರು. ವೇಳಾಪಟ್ಟಿ ಬದಲಾಯಿತು. ಕಾರಣ ತಿಳಿಸಿದ್ದರಿಂದಲೇ ಅವರಿಗೆ ಎರಡನೆಯ ದಾರಿ ಹುಡುಕಲು ಆಯಿತು.

ಒಂದು ಮಾತು ಮೂರು ತಿಂಗಳವರೆಗೂ ಉತ್ತರವಿಲ್ಲದೆ ಉಳಿದರೆ ಅದರ ಎದುರು ಕೆಂಪು ಗುರುತು ಹಾಕಿ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಮಕ್ಕಳೇ ಓದಲಿ. ಮೇಲಿನ ಕಚೇರಿಯಿಂದ ಉತ್ತರ ಬಾರದಿದ್ದರೆ ಆ ಸಂಗತಿಯನ್ನೇ ಉತ್ತರವಾಗಿ ಬರೆದು, ನೆನಪೋಲೆ ಕಳಿಸಿದ ದಿನಾಂಕವನ್ನು ಪಕ್ಕದಲ್ಲಿ ಹಾಕಬೇಕು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಮೂಹ ಸಂಪನ್ಮೂಲ ವ್ಯಕ್ತಿ ಶಾಲೆಗೆ ಭೇಟಿಯಿತ್ತಾಗ ಈ ಪುಸ್ತಕವನ್ನೂ ಮುಂದಿಡಿ. ಅವರ ಸಹಿ ಬಿದ್ದ ಪುಟಕ್ಕೆ ಮೇಲಿನವರ ಮುಂದೆ ಒಂದು ತೂಕವಿರುತ್ತದೆ.

ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮುನ್ನ, ಮುಗಿಯದೆ ಉಳಿದ ವಿಷಯಗಳನ್ನು ಹೊಸ ಪುಟಕ್ಕೆ ಎತ್ತಿ ಬರೆಯಿಸಿ, ಹೊರಹೋಗುವ ಸಂಪುಟದವರಿಂದ ಅದರ ಕೆಳಗೆ ಸಹಿ ಹಾಕಿಸಿ. ಜೂನ್‌ನಲ್ಲಿ ಹೊಸ ಸಂಸತ್ತು ಪ್ರಮಾಣವಚನ ಸ್ವೀಕರಿಸಿದ ದಿನ, ಬ್ಯಾಡ್ಜು ಕೊಡುವ ಮೊದಲು ಆ ಪುಟವನ್ನು ಅವರ ಕೈಗೆ ಕೊಡಿ. ಅವರ ಮೊದಲ ಸಭೆ ಆ ಪುಟದ ಮೊದಲ ಸಾಲಿನಿಂದ ಶುರುವಾಗಲಿ.